ಮೊಬೈಲ್ ಇದೆಯಲ್ಲ, ಕಂಪಾಸ್ ಯಾಕೆ?

ಈ ಪ್ರಶ್ನೆಯನ್ನ ನಾನು ಮೂರು ಥರದ ಜನರ ಬಾಯಲ್ಲಿ ಕೇಳಿದ್ದೀನಿ. ಆಫೀಸಿನಲ್ಲಿ ಪಕ್ಕದ ಸೀಟಿನವನು ಕೇಳ್ತಾನೆ. ಅವನು ಸಮುದ್ರ ನೋಡಿದ್ದು ವೀಕೆಂಡಿಗೆ ಗೋಕರ್ಣಕ್ಕೆ ಹೋದಾಗ ಮಾತ್ರ. ಊರಲ್ಲಿ ಫೈಬರ್ ದೋಣಿ ಮಾಡಿಕೊಡೋರು ಕೇಳ್ತಾರೆ. ಅವರು ದೋಣಿ ಮಾಡ್ತಾರೆ, ಅದರಲ್ಲಿ ಕಡಲಿಗೆ ಹೋಗೋರು ಬೇರೆಯವರು. ಮೂರನೆಯವರು ನನ್ನ ಸೋದರಮಾವ. ಮೂವತ್ತು ವರ್ಷದಿಂದ ಗಂಗೊಳ್ಳಿಯಿಂದ ನಾಡದೋಣಿಯಲ್ಲಿ ಮೀನಿಗೆ ಹೋಗ್ತಿದ್ದಾರೆ. "ಅದೆಲ್ಲ ಎಂತಕೆ ಮಾಣಿ? ಮೊಬೈಲಂಗೆ ಎಲ್ಲ ಇತ್ತಲ್ದಾ?" ಅಂತಾರೆ. ಮೊದಲಿನ ಇಬ್ಬರ ಜೊತೆ ಜಗಳ ಆಡಬಹುದು. ಮಾವನ ಜೊತೆ ಜಗಳ ಆಡೋ ಧೈರ್ಯ ಇಲ್ಲ, ಅದಕ್ಕೇ ಇಲ್ಲಿ ಬರೀತಾ ಇದ್ದೀನಿ :-)

ನನ್ನ ವಾದ ಏನು ಅಂತ ಮೊದಲೇ ಹೇಳಿಬಿಡ್ತೀನಿ. ಇಂಜಿನ್ ಇರೋ ಪ್ರತಿಯೊಂದು ಸಣ್ಣ ಮೀನುಗಾರಿಕೆ ದೋಣಿಯಲ್ಲೂ ಕಡಲಿಗೆ ಅಂತಲೇ ಮಾಡಿದ ಒಂದು ದಿಕ್ಸೂಚಿ ಇರಬೇಕು. ಅದನ್ನ ಸರಿಯಾದ ಜಾಗದಲ್ಲಿ ಕೂರಿಸಿರಬೇಕು. ಕೂರಿಸಿದ ಮೇಲೆ ಅದು ಎಷ್ಟು ತಪ್ಪು ತೋರಿಸುತ್ತೆ ಅಂತ ಎಂಟು ದಿಕ್ಕಿನಲ್ಲಿ ಅಳೆದು ಬರೆದಿಟ್ಟಿರಬೇಕು. ಈ ಮೂರರಲ್ಲಿ ಮೊದಲನೆಯದನ್ನ ದುಡ್ಡು ಕೊಟ್ಟರೆ ಯಾರು ಬೇಕಾದರೂ ಮಾಡಬಹುದು. ಉಳಿದೆರಡನ್ನ ನಮ್ಮಲ್ಲಿ ಬಹಳ ಕಡೆ ಮಾಡೋದೇ ಇಲ್ಲ. ಅವೆರಡು ಇಲ್ಲದ ಕಂಪಾಸಿಗೂ ಹೊಸ ಮನೆ ಮುಂದೆ ನೇತಾಡೋ ದೃಷ್ಟಿಗೊಂಬೆಗೂ ದೊಡ್ಡ ವ್ಯತ್ಯಾಸ ಇಲ್ಲ. ದೃಷ್ಟಿಗೊಂಬೆಯನ್ನ ನಂಬಿಕೊಂಡು ಯಾರೂ ಕತ್ತಲಲ್ಲಿ ದೋಣಿ ತಿರುಗಿಸೋದಿಲ್ಲ ಅನ್ನೋದಷ್ಟೇ ವ್ಯತ್ಯಾಸ.

ಘಟ್ಟದ ಮೇಲಿನ ಗೆಳೆಯರಿಗೆ ಒಂದು ಮಾತು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತೆ. ಟ್ರಾಲರ್, ಪರ್ಸೀನ್ ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿಕೊಂಡು ನಿಲ್ಲುತ್ತವೆ. 10 ಅಶ್ವಶಕ್ತಿವರೆಗಿನ ಇಂಜಿನ್ ಇರೋ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಅಂದ್ರೆ ಕಡಲು ಅತಿ ಕೆಟ್ಟದಾಗಿರೋ ಎರಡು ತಿಂಗಳು ಹೊರಗೆ ಹೋಗೋದು ಅತಿ ಸಣ್ಣ ದೋಣಿಗಳು! ಆ ದಿನಗಳಲ್ಲಿ ಮಳೆ ಹಿಡಿದುಕೊಂಡರೆ ದಡ ಕಾಣಲ್ಲ. ಕೊಡಚಾದ್ರಿ ಕಾಣಲ್ಲ, ಲೈಟ್‌ಹೌಸ್ ಕಾಣಲ್ಲ, ಸೂರ್ಯ ಯಾವ ಕಡೆ ಇದ್ದಾನೆ ಅಂತಲೂ ಗೊತ್ತಾಗಲ್ಲ. ನಾಲ್ಕೂ ಕಡೆ ಒಂದೇ ಬೂದಿ ಬಣ್ಣ. ದಿಕ್ಸೂಚಿಯ ಪ್ರಶ್ನೆ ಬರೋದು ಅಲ್ಲಿ.

ಈಗ ಒಂದೊಂದೇ ವಾದ ತಗೊಳ್ಳೋಣ.

ಮೊದಲನೆಯದು, "ಮೊಬೈಲ್‌ನಲ್ಲಿ ಜಿಪಿಎಸ್ ಇದೆ, ಕಂಪಾಸ್ ಆಪ್ ಕೂಡ ಇದೆ." ಇದೆ, ಸಂತೋಷ. ನಾನೂ ಇದೇ ವೃತ್ತಿಯವನು, ಆಪ್ ಬರೆದು ಅನ್ನ ತಿನ್ನೋನು. ಆದರೆ ಜಿಪಿಎಸ್ ನಿಮಗೆ ಹೇಳೋದು ನೀವು *ಎಲ್ಲಿ* ಇದ್ದೀರಿ ಅಂತ. ದೋಣಿಯ ಮೂತಿ *ಯಾವ ಕಡೆ* ತಿರುಗಿದೆ ಅನ್ನೋದು ಅದಕ್ಕೆ ಗೊತ್ತಿಲ್ಲ. ಮೊದಲು ಇಲ್ಲಿದ್ದಿರಿ, ಈಗ ಅಲ್ಲಿದ್ದೀರಿ, ಹಾಗಾಗಿ ಈ ಕಡೆ ಹೋಗ್ತಿದ್ದೀರಿ ಅಂತ ಲೆಕ್ಕ ಹಾಕುತ್ತೆ, ಅಷ್ಟೇ. ದೋಣಿ ಚಲಿಸ್ತಿದ್ದರೆ ಲೆಕ್ಕ ಸರಿ. ಇಂಜಿನ್ ನಿಲ್ಲಿಸಿ ಬಲೆ ಎಳೀತಾ ಇದ್ದೀರಿ, ನೀರು ನಿಮ್ಮನ್ನ ತೆಂಕಿಗೆ ತಳ್ತಾ ಇದೆ, ಅಲೆ ದೋಣಿಯನ್ನ ಗಿರಗಿರ ತಿರುಗಿಸ್ತಾ ಇದೆ ಅಂದುಕೊಳ್ಳಿ. ಆಗ ಜಿಪಿಎಸ್ ಬಾಣ ನೀರು ತಳ್ಳಿದ ದಿಕ್ಕನ್ನ ತೋರಿಸಬಹುದು, ಇಲ್ಲಾ ಹುಚ್ಚೆದ್ದು ಕುಣಿಯಬಹುದು. ಮೂತಿ ಯಾವ ಕಡೆ ಅಂತ ಮಾತ್ರ ಹೇಳಲ್ಲ.

ಹಾಗಾದರೆ ಕಂಪಾಸ್ ಆಪ್? ಅದು ಮೊಬೈಲ್ ಒಳಗಿನ ಒಂದು ಪುಟ್ಟ ಚಿಪ್ಪಿನಿಂದ ಭೂಮಿಯ ಕಾಂತಕ್ಷೇತ್ರವನ್ನ ಅಳೆಯುತ್ತೆ. ಆ ಚಿಪ್ಪಿನ ಪಕ್ಕದಲ್ಲೇ ಸ್ಪೀಕರಿನ ಅಯಸ್ಕಾಂತ, ಕವರಿನಲ್ಲಿ ಇನ್ನೊಂದು ಅಯಸ್ಕಾಂತ. ಆಗಾಗ ಗಾಳಿಯಲ್ಲಿ ಇಂಗ್ಲಿಷಿನ ಎಂಟರ ಆಕಾರ ಬರೆದು ಅದನ್ನ ಸರಿ ಮಾಡಬೇಕು. ಬೆಂಗಳೂರಿನ ಫುಟ್‌ಪಾತ್ ಮೇಲೆ ನಿಂತು ಎಂಟು ಬರೆಯೋದು ಸುಲಭ. ಒಂದು ಕೈಯಲ್ಲಿ ಇಂಜಿನ್ ಹಿಡಿ, ಇನ್ನೊಂದು ಕೈಯಲ್ಲಿ ಮೊಬೈಲು, ಎದುರಿಗೆ ತಲೆಯೆತ್ತರದ ಅಲೆ ಇದ್ದಾಗ ಬರೆದು ನೋಡಿ! ಇನ್ನು ಮಳೆ ಹನಿ ಬಿದ್ದ ಟಚ್ ಸ್ಕ್ರೀನ್ ವಿಷಯ ಬಿಡಿ. ಮೆಜೆಸ್ಟಿಕ್ಕಿನಲ್ಲಿ ಮಳೆಯಲ್ಲಿ ನಿಂತು ಆಟೋ ಬುಕ್ ಮಾಡೋಕೆ ಹೋದವರಿಗೆಲ್ಲ ಅದು ಗೊತ್ತು. ಮೀನಿನ ಲೋಳೆ ಮೆತ್ತಿದ ಕೈಯಲ್ಲಿ ಏನಾಗುತ್ತೆ ಅಂತ ಊಹಿಸಿಕೊಳ್ಳಿ.

ನಮ್ಮ ಕೆಲಸದಲ್ಲಿ ನಾವು ಎಷ್ಟು ಹುಷಾರು! ಒಂದು ಸರ್ವರ್ ಕೈ ಕೊಟ್ಟರೆ ಇನ್ನೊಂದು ಇರಬೇಕು, ಅದು ಬೇರೆ ಊರಲ್ಲಿರಬೇಕು, ಬೇರೆ ಕರೆಂಟ್ ಲೈನಿನಲ್ಲಿರಬೇಕು ಅಂತ ಗಂಟೆಗಟ್ಟಲೆ ಮೀಟಿಂಗ್ ಮಾಡ್ತೀವಿ. ಯಾರದೋ ಶಾಪಿಂಗ್ ಕಾರ್ಟ್ ಹತ್ತು ನಿಮಿಷ ನಿಲ್ಲಬಾರದು ಅನ್ನೋದಕ್ಕೆ ಇಷ್ಟೆಲ್ಲ. ಅದೇ ನಾವು ದೋಣಿಯವರಿಗೆ ಮಾತ್ರ ಒಂದೇ ಬ್ಯಾಟರಿ, ಒಂದೇ ಪರದೆ, ಒಂದೇ ಉಪಗ್ರಹ ವ್ಯವಸ್ಥೆಯನ್ನ ನಂಬು ಅಂತ ಹೇಳ್ತೀವಿ. ಯಾವ ನ್ಯಾಯ ಸ್ವಾಮಿ ಇದು?

ಆ ವ್ಯವಸ್ಥೆಯೂ ಕಲ್ಲಿನಲ್ಲಿ ಕೆತ್ತಿದ್ದಲ್ಲ. ಜಿಪಿಎಸ್ ಸಂಕೇತದಲ್ಲಿ ವಾರದ ಎಣಿಕೆಗೆ ಮೊದಲಿಂದ ಇಟ್ಟಿರೋದು ಹತ್ತು ಬಿಟ್. ಹತ್ತು ಬಿಟ್ ಅಂದ್ರೆ 1024 ವಾರ, ಆಮೇಲೆ ಮತ್ತೆ ಸೊನ್ನೆ. ಹಾಗೆ ಸೊನ್ನೆಯಾಗಿದ್ದು ಒಮ್ಮೆ 1999ರ ಆಗಸ್ಟ್‌ನಲ್ಲಿ, ಇನ್ನೊಮ್ಮೆ 2019ರ ಏಪ್ರಿಲ್‌ನಲ್ಲಿ. ಆಗ ಅಪ್‌ಡೇಟ್ ಇಲ್ಲದ ಹಳೆಯ ಯಂತ್ರಗಳಿಗೆ ತಾರೀಖೇ ತಪ್ಪಿಹೋಯ್ತು. ಮುಂದಿನದು 2038ರಲ್ಲಿ ಬರುತ್ತೆ. ಅದಕ್ಕಿಂತ ದೊಡ್ಡ ವಿಷಯ, ಈ ಸಂಕೇತವನ್ನ ಬೇಕಂತಲೇ ಕೆಡಿಸಬಹುದು. 2025ರ ಜೂನ್‌ನಲ್ಲಿ ಇರಾನ್-ಇಸ್ರೇಲ್ ಸಂಘರ್ಷ ನಡೆದಾಗ ಹಾರ್ಮುಜ್ ಜಲಸಂಧಿಯ ಸುತ್ತ ನೂರಾರು ಹಡಗುಗಳ ಜಿಪಿಎಸ್ ಎಡವಟ್ಟಾಯ್ತು. ನಮ್ಮ ಕರಾವಳಿಯ ಎಷ್ಟೋ ಮನೆಯವರು ಕೆಲಸಕ್ಕೆ ಹೋಗಿರೋ ಕಡಲೇ ಅದು. ಆ ಹಡಗುಗಳಲ್ಲಿ ಜಿಪಿಎಸ್ ಬಿಟ್ಟು ರೇಡಾರ್ ಇತ್ತು, ಗೈರೋ ಇತ್ತು, ಅದರ ಮೇಲೊಂದು ಕಾಂತದ ದಿಕ್ಸೂಚಿಯೂ ಇತ್ತು. ಇಷ್ಟೆಲ್ಲ ಇರೋ ದೊಡ್ಡ ಹಡಗೇ ಕಂಪಾಸನ್ನ ಕಿತ್ತು ಬಿಸಾಡಿಲ್ಲ. ಏನೂ ಇಲ್ಲದ ನಾಡದೋಣಿಗೆ ಅದು ಬೇಡವಂತೆ!

ಎರಡನೆಯ ವಾದ, "ಹಿಂದಿನವರು ಕಂಪಾಸ್ ಇಟ್ಟುಕೊಂಡು ಹೋಗ್ತಿದ್ರಾ?" ಇದನ್ನ ಹೇಳೋರ ಮೇಲೆ ನನಗೆ ಗೌರವ ಇದೆ. ಹಿಂದಿನವರಿಗೆ ನಿಜವಾಗಿ ಗೊತ್ತಿತ್ತು. ಗುಡ್ಡದ ನೆತ್ತಿ ನೋಡಿ, ನಕ್ಷತ್ರ ನೋಡಿ, ಗಾಳಿ ಮುಖದ ಯಾವ ಕಡೆಗೆ ಬಡಿಯುತ್ತೆ ಅಂತ ನೋಡಿ, ಅಲೆ ದೋಣಿಯ ಯಾವ ಮೂಲೆ ಎತ್ತುತ್ತೆ ಅಂತ ನೋಡಿ ಮನೆ ಸೇರುತ್ತಿದ್ದರು. ನಮ್ಮ ಊರುಗಳ ಹೆಸರಿನಲ್ಲೇ ದಿಕ್ಕಿದೆ: ಪಡುಕೆರೆ, ಮೂಡುಬಿದಿರೆ, ಬಡಗಬೆಟ್ಟು, ತೆಂಕನಿಡಿಯೂರು. ಯಕ್ಷಗಾನಕ್ಕೂ ತೆಂಕು ಬಡಗು ಇರೋ ಊರು ನಮ್ಮದು. ದಿಕ್ಕಿನ ಜ್ಞಾನ ನಮಗೆ ಯಾರೂ ಹೊರಗಿಂದ ತಂದು ಕೊಡಬೇಕಾಗಿಲ್ಲ.

ಆದರೆ ಆ ಜ್ಞಾನಕ್ಕೆ ಏನಾದರೊಂದು ಕಣ್ಣಿಗೆ ಕಾಣಬೇಕು, ಇಲ್ಲಾ ಮೈಗೆ ತಾಗಬೇಕು. ಗುಡ್ಡ ಮುಚ್ಚಿ, ಗಾಳಿ ಹತ್ತು ನಿಮಿಷಕ್ಕೊಮ್ಮೆ ದಿಕ್ಕು ಬದಲಿಸೋ ಮಳೆಯಲ್ಲಿ ಎಂಥಾ ಹಿರಿಯರಿಗೂ ಅಂದಾಜು ತಪ್ಪುತ್ತೆ. ಮನುಷ್ಯನಿಗೆ ಏನೂ ಕಾಣದಾಗ ನೇರ ನಡೆಯೋಕೇ ಬರಲ್ಲ, ತನಗೇ ಗೊತ್ತಿಲ್ಲದಂತೆ ಸುತ್ತು ಹೊಡೀತಾನೆ. ದೋಣಿಯೂ ಹಾಗೇ. "ಮೂಡಕ್ಕೆ ಹೋದರೆ ಎಲ್ಲಾದರೂ ದಡ ಸಿಕ್ಕೇ ಸಿಗುತ್ತೆ" ಅಂತಾರಲ್ಲ, ಮೂಡು ಯಾವುದು ಅಂತ ಗೊತ್ತಿದ್ದರೆ ತಾನೇ? ದಡ ಸಿಕ್ಕರೂ ಆಗಲಿಲ್ಲ. ನಮಗೆ ಬೇಕಾದ್ದು ಅಳಿವೆ. ಪಂಚಗಂಗಾವಳಿ ಕಡಲು ಸೇರೋ ಆ ಬಾಗಿಲಲ್ಲಿ ಒಳಗೆ ಬಂದರೆ ಮನೆ. ನಾಲ್ಕು ಮೈಲಿ ಬಡಗಿಗೆ ತಪ್ಪಿದರೆ ಮರವಂತೆ ಕಡೆಯ ದಂಡೆ. ಕಡಲ್ಕೊರೆತ ತಡೆಯೋಕೆ ಅಲ್ಲಿ ಬಂಡೆ ಪೇರಿಸಿದ್ದಾರೆ. ಮಳೆಗಾಲದ ಅಲೆಯಲ್ಲಿ ಆ ಬಂಡೆಗಳ ಹತ್ತಿರ ಯಾವ ದೋಣಿಯೂ ಹೋಗಬಾರದು.

ಮೂರನೆಯ ವಾದ ನನಗೆ ಹೆಚ್ಚು ಸಿಟ್ಟು ತರಿಸೋದು. "ನಮ್ಮ ದೋಣಿಯಲ್ಲಿ ಕಂಪಾಸ್ ಇದೆಯಲ್ಲ!" ಇದೆ. ಮಾವನ ದೋಣಿಯಲ್ಲೂ ಇತ್ತು. ದೋಣಿ ಮಾಡಿಕೊಟ್ಟವರು "ಫ್ರೀ" ಅಂತ ಹಾಕಿಕೊಟ್ಟಿದ್ದು. ಕಾರಿನ ಡ್ಯಾಶ್‌ಬೋರ್ಡಿಗೆ ಅಂಟಿಸೋ ಥರದ್ದು, ನಿಂಬೆಹಣ್ಣಿನಷ್ಟು ದೊಡ್ಡ ಗೋಲಿ. ತುಕ್ಕು ಹಿಡಿದ ಕಬ್ಬಿಣದ ಸ್ಕ್ರೂ. ಅದರ ಹಿಂದೆ ಒಂದಡಿ ದೂರದಲ್ಲಿ ಬ್ಯಾಟರಿ ಪೆಟ್ಟಿಗೆ, ಪಕ್ಕದಲ್ಲಿ ಮೊಬೈಲ್ ಸಿಕ್ಕಿಸೋ ಕ್ಲಿಪ್ಪು. ಅಂದ್ರೆ ಅದನ್ನ ಹಾಳು ಮಾಡೋಕೆ ಏನೇನು ಬೇಕೋ ಅದೆಲ್ಲ ಸುತ್ತ ಇಟ್ಟು, ನಡುವೆ ಅದನ್ನ ಕೂರಿಸಿದ್ದರು.

ಹೋದ ಸಲ ರಜೆಯಲ್ಲಿ ಗಾಳಿ ಇಲ್ಲದ ಒಂದು ಬೆಳಿಗ್ಗೆ, ಉಬ್ಬರ ನಿಂತು ಇಳಿತ ಶುರುವಾಗೋ ಮುಂಚೆ, ಹಿನ್ನೀರಿನ ಅಗಲವಾದ ಜಾಗದಲ್ಲಿ ದೋಣಿ ಓಡಿಸಿ ಅಳೆದೆವು. ಜಿಪಿಎಸ್ ಇನ್ನೊಂದು ಮೊಬೈಲಿನಲ್ಲಿ, ಕಂಪಾಸಿನಿಂದ ದೂರ, ಮೂತಿಯ ಹತ್ತಿರ. ಸರಿಯಾಗಿ ಮೂಡಕ್ಕೆ, ಅಂದ್ರೆ 90 ಡಿಗ್ರಿಗೆ ಹೋಗ್ತಿದ್ದಾಗ ಕಂಪಾಸ್ ತೋರಿಸಿದ್ದು 112. ಪಡುವಕ್ಕೆ, 270 ಡಿಗ್ರಿಗೆ ಹೋಗ್ತಿದ್ದಾಗ ತೋರಿಸಿದ್ದು 251. ಬಡಗು ತೆಂಕಿಗೆ ಹೋದಾಗ ಮಾತ್ರ ಹೆಚ್ಚುಕಡಿಮೆ ಸರಿ.

ಈ ಅಂಕಿಗಳಲ್ಲಿ ಒಂದು ಕೆಟ್ಟ ತಮಾಷೆ ಇದೆ. "ತಪ್ಪು ತೋರಿಸಿದರೆ ಏನಾಯ್ತು, ಹೋಗುವಾಗಲೂ ಬರುವಾಗಲೂ ಅದೇ ತಪ್ಪು, ವಜಾ ಆಗುತ್ತೆ" ಅಂತ ಬಹಳ ಜನ ಅಂದುಕೊಂಡಿದ್ದಾರೆ. ಆಗಲ್ಲ. ಕಂಪಾಸ್ ನೋಡಿಕೊಂಡು 270 ಅಂತ ಹೊರಟರೆ ದೋಣಿ ನಿಜಕ್ಕೂ ಹೋಗೋದು 289ಕ್ಕೆ, ಅಂದ್ರೆ ಬಡಗಿಗೆ ವಾಲಿಕೊಂಡು. ವಾಪಸ್ 90 ಅಂತ ಬಂದರೆ ನಿಜಕ್ಕೂ ಬರೋದು 68ಕ್ಕೆ, ಅದೂ ಬಡಗಿಗೆ ವಾಲಿಕೊಂಡು! 12 ನಾಟಿಕಲ್ ಮೈಲಿ ಹೋಗಿ 12 ಮೈಲಿ ಬಂದರೆ ಹೋಗುವಾಗ ಸುಮಾರು 4, ಬರುವಾಗ ಸುಮಾರು ನಾಲ್ಕೂವರೆ, ಒಟ್ಟು ಎಂಟೂವರೆ ಮೈಲಿ ಬಡಗಿಗೆ. ಕಿಲೋಮೀಟರ್ ಲೆಕ್ಕದಲ್ಲಿ ಸುಮಾರು 16. ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಲಿಲ್ಲ, ಕೈ ಕೈ ಹಿಡಿದುಕೊಂಡು ಒಂದೇ ಕಡೆ ಹೋದವು. ಮಾವ ಇಷ್ಟು ವರ್ಷ ಬದುಕಿ ಬಂದಿರೋದು ಆ ಕಂಪಾಸನ್ನ ಯಾವತ್ತೂ ನಂಬದೇ ಇದ್ದಿದ್ದರಿಂದ. ನಾಳೆ ಅವರ ಮಗ ನಂಬಿದರೆ?

ಯಾಕೆ ಹೀಗಾಯ್ತು ಅನ್ನೋದು ಪಿಯುಸಿ ಭೌತಶಾಸ್ತ್ರ. ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರದ ಅಡ್ಡಬಲ ಸುಮಾರು 40 ಮೈಕ್ರೋಟೆಸ್ಲಾ. ಬಹಳ ಕಮ್ಮಿ. ಪಕ್ಕದಲ್ಲಿ ಅಯಸ್ಕಾಂತ, ಕಬ್ಬಿಣ ಇದ್ದರೆ ಮುಳ್ಳು ಆ ಕಡೆ ಎಳೆದುಕೊಳ್ಳುತ್ತೆ. ನಮ್ಮಲ್ಲಿ ಎಳೀತಾ ಇದ್ದದ್ದೆಲ್ಲ ಕಂಪಾಸಿನ ಹಿಂದೆ ಇತ್ತು. ಮೂಡಕ್ಕೆ ಹೋಗುವಾಗ ಹಿಂಭಾಗ ಅಂದ್ರೆ ಪಡುವಣ, ಪಡುವಕ್ಕೆ ಹೋಗುವಾಗ ಹಿಂಭಾಗ ಅಂದ್ರೆ ಮೂಡಣ. ಅದಕ್ಕೇ ತಪ್ಪು ಮಗುಚಿಕೊಂಡಿದ್ದು. ವೈರಿನಲ್ಲಿ ಹರಿಯೋ ಕರೆಂಟೂ ಅಯಸ್ಕಾಂತವೇ. 12 ವೋಲ್ಟಿನ, 120 ವ್ಯಾಟಿನ ಸರ್ಚ್‌ಲೈಟ್ ಹಾಕಿದರೆ ವೈರಿನಲ್ಲಿ 10 ಆಂಪಿಯರ್. ಒಂಟಿ ವೈರು ಕಂಪಾಸಿಂದ 10 ಸೆಂಟಿಮೀಟರ್ ದೂರದಲ್ಲಿ ಹೋಗಿದ್ದರೆ ಅಲ್ಲಿ 20 ಮೈಕ್ರೋಟೆಸ್ಲಾ, ಭೂಮಿಯದರ ಅರ್ಧ! ಮುಳ್ಳು 26 ಡಿಗ್ರಿವರೆಗೂ ಸರಿಯಬಹುದು. ಅದೂ ಲೈಟ್ ಹಾಕಿದಾಗ ಮಾತ್ರ. ಹಗಲು ಸರಿ, ರಾತ್ರಿ ತಪ್ಪು. ಇಂಥಾ ಬಗ್ ಹುಡುಕೋಕೆ ಹೋದರೆ ತಲೆ ಕೂದಲು ಉದುರುತ್ತೆ.

ಸರಿ, ಬೈದಿದ್ದಾಯ್ತು. ಬೈಯೋನು ದಾರಿಯನ್ನೂ ತೋರಿಸಬೇಕು.

ಕೊಳ್ಳುವಾಗ: ಒಳಗೆ ದ್ರವ ತುಂಬಿರೋ, ದೋಣಿಗೆ ಅಂತಲೇ ಮಾಡಿದ ಕಂಪಾಸ್ ತಗೊಳ್ಳಿ. ಡಿಗ್ರಿ ಬರೆದ ಬಿಲ್ಲೆ ಆದಷ್ಟು ದೊಡ್ಡದಿರಲಿ, ಐದೈದು ಡಿಗ್ರಿಗೆ ಗೆರೆ ಇರಲಿ. ಸಣ್ಣ ದೋಣಿ ದೊಡ್ಡದಕ್ಕಿಂತ ಹೆಚ್ಚು ಕುಣಿಯುತ್ತೆ, ಹಾಗಾಗಿ "ಸಣ್ಣ ದೋಣಿಗೆ ಸಣ್ಣ ಕಂಪಾಸ್ ಸಾಕು" ಅನ್ನೋದು ತಲೆಕೆಳಗಿನ ಮಾತು. ಒಳಗೆ ಗುಳ್ಳೆ ಇದ್ದರೆ ದ್ರವ ಸೋರಿದೆ ಅಂತ ಅರ್ಥ, ವಾಪಸ್ ಕೊಡಿ. ಅಂಗಡಿಯಲ್ಲೇ ಎರಡು ಪರೀಕ್ಷೆ ಮಾಡಿ. ಒಂದು, ಚೂರು ಅಯಸ್ಕಾಂತ ಹತ್ತಿರ ತಂದು ಬಿಲ್ಲೆಯನ್ನ ಇಪ್ಪತ್ತು ಡಿಗ್ರಿ ಸರಿಸಿ, ಅಯಸ್ಕಾಂತವನ್ನ ದೂರ ಒಯ್ಯಿರಿ. ಬಿಲ್ಲೆ ಮೊದಲಿದ್ದ ಡಿಗ್ರಿಗೇ ಮರಳಬೇಕು. ಇನ್ನೊಂದು ಕಡೆಯಿಂದಲೂ ಮಾಡಿ. ಬೇರೆ ಕಡೆ ನಿಂತರೆ ಒಳಗಿನ ಮೊಳೆ ಸವೆದಿದೆ. ಎರಡು, ಕೈಯಲ್ಲಿ ಹಿಡಿದು ಹದಿನೈದು ಇಪ್ಪತ್ತು ಡಿಗ್ರಿ ವಾಲಿಸಿ, ಬಿಲ್ಲೆ ಎಲ್ಲೂ ತಾಗದೆ ಆರಾಮಾಗಿ ತೇಲಬೇಕು.

ಇನ್ನೊಂದು ವಿಷಯ ಅಂಗಡಿಯಲ್ಲಿ ಯಾರೂ ಹೇಳಲ್ಲ. ಯುರೋಪಿನ ಬಡಗು ದೇಶಗಳಲ್ಲಿ ಕಾಂತಕ್ಷೇತ್ರ ಮುಳ್ಳಿನ ಬಡಗು ತುದಿಯನ್ನ ಜೋರಾಗಿ ಕೆಳಕ್ಕೆ ಎಳೆಯುತ್ತೆ. ಅದನ್ನ ಸರಿದೂಗಿಸೋಕೆ ಅಲ್ಲಿಗೆ ಮಾಡಿದ ಕಂಪಾಸಿನ ತೆಂಕು ಬದಿಗೆ ಸ್ವಲ್ಪ ಭಾರ ಇಟ್ಟಿರ್ತಾರೆ. ನಾವಿರೋದು ಕಾಂತೀಯ ಭೂಮಧ್ಯರೇಖೆಯ ಹತ್ತಿರ. ಆ ರೇಖೆ ಹಾದುಹೋಗುತ್ತೆ ಅಂತಲೇ ಕೇರಳದ ತುಂಬಾವನ್ನ ರಾಕೆಟ್ ಕೇಂದ್ರಕ್ಕೆ ಆರಿಸಿದ್ದು, 1963ರ ನವೆಂಬರ್ 21ರಂದು ಮೊದಲ ರಾಕೆಟ್ ಅಲ್ಲಿಂದ ಹಾರಿದ್ದು. ಇಲ್ಲಿ ಕೆಳಕ್ಕೆ ಎಳೆಯೋ ಬಲ ಬಹಳ ಕಮ್ಮಿ, ಹಾಗಾಗಿ ಆ ಕಂಪಾಸ್ ಇಲ್ಲಿ ತೆಂಕಿಗೆ ವಾಲಿಕೊಂಡು ನಿಲ್ಲುತ್ತೆ, ಅಲೆಯಲ್ಲಿ ತಾಗಿ ಸಿಕ್ಕಿಕೊಳ್ಳುತ್ತೆ. ಸಮತಟ್ಟಾದ ಮೇಜಿನ ಮೇಲಿಟ್ಟು ಬಿಲ್ಲೆ ಮಟ್ಟವಾಗಿದೆಯಾ ನೋಡಿ. ವಾಲಿದ್ದರೆ ಎಷ್ಟೇ ದೊಡ್ಡ ಬ್ರಾಂಡ್ ಆದರೂ ಬೇಡ.

ಕೂರಿಸುವಾಗ: ನಾಡದೋಣಿಯಲ್ಲಿ ಓಡಿಸೋನು ಕೂರೋದು ಹಿಂದೆ, ಔಟ್‌ಬೋರ್ಡ್ ಇಂಜಿನ್ ಪಕ್ಕದಲ್ಲಿ. ಇಂಜಿನ್ನಿನ ಫ್ಲೈವೀಲ್ ಒಳಗೇ ಅಯಸ್ಕಾಂತಗಳಿವೆ. ಕಂಪಾಸ್ ಅವನ ಮುಂದಿನ ಅಡ್ಡಹಲಗೆಯ ಮೇಲಿರಲಿ, ಇಂಜಿನ್ನಿಂದ ಒಂದೂವರೆ ಮೀಟರ್ ಆದರೂ ದೂರ. ಅಯಸ್ಕಾಂತದ ಪ್ರಭಾವ ದೂರದ ಘನಕ್ಕೆ ಕಮ್ಮಿಯಾಗುತ್ತೆ: ಮೂರು ಪಟ್ಟು ದೂರ ಒಯ್ದರೆ ತೊಂದರೆ ಇಪ್ಪತ್ತೇಳನೇ ಒಂದು ಪಾಲು. ಪೈಸೆ ಖರ್ಚಿಲ್ಲದ ಇಂಥ ಉಪಾಯ ಇನ್ನೊಂದಿಲ್ಲ. ಹಿತ್ತಾಳೆ ಸ್ಕ್ರೂ ಮಾತ್ರ ಹಾಕಿ. "ಸ್ಟೀಲ್, ಏನೂ ಆಗಲ್ಲ" ಅಂದರೆ ಅಯಸ್ಕಾಂತ ಹಿಡಿದು ನೋಡಿ, ಅಂಟಿದರೆ ಬೇಡ. ಲಂಗರು, ಕತ್ತಿ, ಟಾರ್ಚ್, ಬ್ಯಾಟರಿ, ಮೊಬೈಲ್, ಎಲ್ಲಕ್ಕೂ ದೂರದಲ್ಲಿ ಒಂದು ಖಾಯಂ ಜಾಗ ಮಾಡಿ. ಕಂಪಾಸ್ ದೀಪದ ಹೋಗೋ ವೈರು ಬರೋ ವೈರು ಎರಡನ್ನೂ ಜಡೆ ಥರ ಹೆಣೆದು ಬಿಡಿ, ಒಂದರ ಕಾಂತವನ್ನ ಇನ್ನೊಂದು ಹೊಡೆದುಹಾಕುತ್ತೆ.

ಗಾಜಿನ ಮೇಲೆ ಮುಂದಕ್ಕೆ ತೋರಿಸೋ ಗೆರೆ ಇರುತ್ತಲ್ಲ, ಅದು ದೋಣಿಯ ನಡುಗೆರೆಗೆ ಸಮಾನಾಂತರ ಇರಬೇಕು. ಓಡಿಸೋನ ಮುಖಕ್ಕೆ ಚೆನ್ನಾಗಿ ಕಾಣಲಿ ಅಂತ ಸ್ವಲ್ಪ ತಿರುಗಿಸಿ ಕೂರಿಸಿದರೆ ಕೆಲಸ ಕೆಟ್ಟಿತು. ಬದಿಯಲ್ಲಿ ಕೂತು ನೋಡೋರಿಗೆ ಅಂತಲೇ 45 ಡಿಗ್ರಿಯಲ್ಲಿ ಇನ್ನೆರಡು ಗೆರೆ ಇರೋ ಕಂಪಾಸ್ ಸಿಗುತ್ತೆ, ಅದನ್ನ ತಗೊಳ್ಳಿ. ದೋಣಿಯನ್ನ ಮರಳಿನ ಮೇಲೆ ಎಳೆದು ಹಾಕೋರು ಕಂಪಾಸನ್ನ ಬಿಚ್ಚಿ ಮನೆಗೆ ತರೋದು ವಾಡಿಕೆ. ತರಲಿ, ಆದರೆ ಮರುದಿನ ಸಿಕ್ಕಿಸಿದಾಗ ಅದೇ ಕೋನಕ್ಕೆ ಕೂರೋ ಹಾಗೆ ಎರಡು ಹಿತ್ತಾಳೆ ಗೂಟ ಇರಬೇಕು. ಬಲೆ, ಹಗ್ಗ, ಕಾಲು ತಾಗದ ಹಾಗೆ ಸುತ್ತ ಒಂದು ಮರದ ಚೌಕಟ್ಟು.

ಅಳೆಯುವಾಗ: ಮೇಲೆ ಹೇಳಿದ ಹಾಗೆ ಎಂಟು ದಿಕ್ಕಿಗೆ ಎರಡೆರಡು ನಿಮಿಷ ನೇರ ಓಡಿಸಿ, ಜಿಪಿಎಸ್ ಹೇಳಿದ್ದು ಇಷ್ಟು, ಕಂಪಾಸ್ ಹೇಳಿದ್ದು ಇಷ್ಟು ಅಂತ ಬರೀರಿ. ನಮ್ಮ ಕರಾವಳಿಯಲ್ಲಿ ನಿಜವಾದ ಬಡಗಿಗೂ ಕಾಂತದ ಬಡಗಿಗೂ ಎರಡು ಡಿಗ್ರಿಗಿಂತ ಕಮ್ಮಿ ವ್ಯತ್ಯಾಸ, ಅದನ್ನ ಮರೆತುಬಿಡಬಹುದು. ಒಳ್ಳೆಯ ಕಂಪಾಸಿನಲ್ಲಿ ತಪ್ಪು ತಿದ್ದೋಕೆ ಎರಡು ಸ್ಕ್ರೂ ಇರುತ್ತೆ, ಹಿತ್ತಾಳೆ ಸ್ಕ್ರೂ ಡ್ರೈವರಿನಿಂದ ತಿರುಗಿಸಿ. ಉಳಿದಿದ್ದನ್ನ ಒಂದು ಕಾರ್ಡಿನಲ್ಲಿ ಬರೆದು, ಪ್ಲಾಸ್ಟಿಕ್ ಹಾಕಿಸಿ, ಕಂಪಾಸ್ ಪಕ್ಕ ಅಂಟಿಸಿ. ಮಾವನ ದೋಣಿಗೆ ಬೇರೆ ಕಂಪಾಸ್ ತಂದು, ಜಾಗ ಬದಲಿಸಿ, ವೈರು ಹೆಣೆದ ಮೇಲೆ ಅತಿ ಹೆಚ್ಚು ತಪ್ಪು 3 ಡಿಗ್ರಿ. ಒಟ್ಟು ಅರ್ಧ ದಿನದ ಕೆಲಸ. ನೋಡಿ, ಇಲ್ಲಿ ನನಗೆ ಜಿಪಿಎಸ್ ಮೇಲೆ ಯಾವ ಹಗೆಯೂ ಇಲ್ಲ. ಅದು ಬದುಕಿದ್ದಾಗ ಕಂಪಾಸನ್ನ ತಿದ್ದಿಸಿಕೊಳ್ಳಬೇಕು, ಅದು ಸತ್ತಾಗ ಕಂಪಾಸ್ ನಮ್ಮನ್ನ ಮನೆಗೆ ತರಬೇಕು. ಅಷ್ಟೇ ಒಪ್ಪಂದ.

ಈಗ ಸರ್ಕಾರದ ವಿಷಯ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಕೇರಳ, ಕನ್ಯಾಕುಮಾರಿಯ ಮೀನುಗಾರರನ್ನ ಕಡಲ ನಡುವೆ ಹಿಡಿದ ಮೇಲೆ ಎಲ್ಲರಿಗೂ ಎಚ್ಚರವಾಯ್ತು. 2019ರಲ್ಲಿ ಜೆಮಿನಿ ಅನ್ನೋ ಸಾಧನ ಬಂತು, ಉಪಗ್ರಹದಿಂದ ಬಂದ ಎಚ್ಚರಿಕೆಯನ್ನ ಬ್ಲೂಟೂತ್ ಮೂಲಕ ಮೊಬೈಲಿಗೆ ದಾಟಿಸುತ್ತೆ. 2024ರ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಒಂದು ಲಕ್ಷ ಮೀನುಗಾರಿಕೆ ದೋಣಿಗಳಿಗೆ ಟ್ರಾನ್ಸ್‌ಪಾಂಡರ್ ಕೂರಿಸೋ ಯೋಜನೆಗೆ ಚಾಲನೆ ಸಿಕ್ಕಿತು. ವೆಚ್ಚ ಸುಮಾರು 364 ಕೋಟಿ, ಅಂದ್ರೆ ದೋಣಿಗೆ 36 ಸಾವಿರ ರೂಪಾಯಿ ಚಿಲ್ಲರೆ. ಒಳ್ಳೆಯ ಕೆಲಸ, ನಾನು ಟೀಕಿಸಲ್ಲ. ಅಪಾಯದಲ್ಲಿದ್ದೀನಿ ಅಂತ ದಡಕ್ಕೆ ಹೇಳೋಕೆ ಅದು ಬೇಕೇ ಬೇಕು. ನಾನು ಕೇಳೋದು ಇಷ್ಟೇ. ಅಷ್ಟು ಖರ್ಚು ಮಾಡಿ ಒಬ್ಬ ಟೆಕ್ನಿಷಿಯನ್ ದೋಣಿ ಹತ್ತಿ ಸ್ಕ್ರೂ ಹಾಕ್ತಾನಲ್ಲ, ಅದೇ ದಿನ ಅವನ ಕೈಯಲ್ಲೇ ಕೆಲವೇ ಸಾವಿರದ ಒಂದು ಕಂಪಾಸನ್ನೂ ಕೂರಿಸಿ, ಕಾರ್ಡ್ ಬರೆದು ಕೊಡೋಕೆ ಏನು ಅಡ್ಡಿ? ಆ ಟ್ರಾನ್ಸ್‌ಪಾಂಡರಿನ ವೈರು ಕಂಪಾಸ್ ಪಕ್ಕದಲ್ಲಿ ಹಾದುಹೋಗದ ಹಾಗೆ ನೋಡಿಕೊಳ್ಳೋಕಾದರೂ ಅವನಿಗೆ ಹೇಳಿಕೊಟ್ಟಿರ್ತಾರಾ?

ಕೊನೆಗೆ ನಮ್ಮ ವಿಷಯ, ಅಂದ್ರೆ ಇದನ್ನ ಓದ್ತಾ ಇರೋ ನೀವು ಮತ್ತು ನಾನು. ವರ್ಷಕ್ಕೊಂದು ಹ್ಯಾಕಥಾನ್‌ನಲ್ಲಿ "ಮೀನುಗಾರರಿಗೆ ಆಪ್" ಅಂತ ಯಾರಾದರೂ ಬಹುಮಾನ ಗೆಲ್ಲುತ್ತಾರೆ. ಫೋಟೋ ಬರುತ್ತೆ, ಆಪ್ ಬರಲ್ಲ. ಬಂದರೂ ಅಪ್‌ಡೇಟ್ ಬರಲ್ಲ. ಹೊಸದೇನಾದರೂ ಮಾಡಬೇಕು ಅನ್ನೋ ಹಪಾಹಪಿಯಲ್ಲಿ, ಬ್ಯಾಟರಿ ಬೇಡದ, ನೆಟ್‌ವರ್ಕ್ ಬೇಡದ, ಒದ್ದೆಯಾದರೂ ಕೆಲಸ ಮಾಡೋ ಒಂದು ಸಾಧನಕ್ಕೆ ಹಿತ್ತಾಳೆ ಸ್ಕ್ರೂ ಹಾಕಿಸೋದು ನಮಗೆ "ಟೆಕ್ನಾಲಜಿ" ಅಂತ ಅನ್ನಿಸೋದೇ ಇಲ್ಲ. ಓದಿದವರು ಮೊಬೈಲ್ ಸಾಕು ಅಂದ್ರೆ ಊರಲ್ಲಿ ನಂಬ್ತಾರೆ ಕಣ್ರೀ. ಆ ಮಾತಿಗೊಂದು ತೂಕ ಇದೆ, ಅದನ್ನ ಯೋಚನೆ ಮಾಡಿ ಆಡೋಣ.

ಕರಾವಳಿಯಲ್ಲಿ ನಿಮ್ಮ ಅಪ್ಪನೋ ಮಾವನೋ ಅಣ್ಣನೋ ದೋಣಿ ಇಟ್ಟುಕೊಂಡಿದ್ದರೆ ಮುಂದಿನ ರಜೆಯಲ್ಲಿ ಹೋದಾಗ ಒಂದು ಕೆಲಸ ಮಾಡಿ. ಕಂಪಾಸ್ ಇದೆಯಾ ಅಂತ ಕೇಳಬೇಡಿ, "ಇದೆ" ಅಂತಾರೆ. ಕಾರ್ಡ್ ಎಲ್ಲಿ ಅಂತ ಕೇಳಿ. ಕಾರ್ಡ್ ಇಲ್ಲ ಅಂದ್ರೆ ಅರ್ಧ ದಿನ ತೆಗೆದಿಡಿ, ಮಳೆ ಶುರುವಾಗೋ ಮುಂಚೆ. ಗಂಗೊಳ್ಳಿ, ಕೋಡಿ, ಮರವಂತೆ, ಉಪ್ಪುಂದದ ಕಡೆಯವರು ಯಾರಾದರೂ ಇದ್ದರೆ ಹೇಳಿ, ಮೇ ತಿಂಗಳಲ್ಲಿ ನಾನು ಊರಿಗೆ ಹೋಗ್ತೀನಿ. ಹಿತ್ತಾಳೆ ಸ್ಕ್ರೂ ಡ್ರೈವರ್ ನನ್ನ ಹತ್ತಿರ ಇದೆ. ಮಧ್ಯಾಹ್ನದ ಮೀನೂಟ ಮಾತ್ರ ನಿಮ್ಮದು :-)